ಪೆಲೆಟ್ ಗ್ರಿಲ್‌ನಲ್ಲಿ ಹೊಗೆಯ ರುಚಿಯೂ ಬೇಕು, ಮಾಂಸ ಕೆಂಪಗೂ ಆಗಬೇಕು

ಪ್ರಶ್ನೆ: ನಾವು ಟೆಕ್ಸಸ್‌ನ ಆಸ್ಟಿನ್ ಹತ್ತಿರ ಇದ್ದೇವೆ. ಆರು ತಿಂಗಳ ಹಿಂದೆ ಒಂದು ಪೆಲೆಟ್ ಗ್ರಿಲ್ (ಮರದ ಹೊಟ್ಟು ಒತ್ತಿ ಮಾಡಿದ ಗುಳಿಗೆ ಉರಿಸುವ ಗ್ರಿಲ್) ತಂದೆವು. ಲ್ಯಾಂಬ್ ಚಾಪ್ಸ್, ಕೋಳಿ ತೊಡೆ ಜಾಸ್ತಿ ಮಾಡುತ್ತೇವೆ. ಬೇಯುವುದೇನೋ ಚೆನ್ನಾಗಿ ಬೇಯುತ್ತದೆ. ಆದರೆ ಹೊಗೆಯ ರುಚಿ ಇದೆಯೋ ಇಲ್ಲವೋ ಅನ್ನುವಷ್ಟು ಕಡಿಮೆ. ಚಾಪ್ಸ್ 400 ಡಿಗ್ರಿಗೆ ಇಟ್ಟರೂ ಹೊರಗೆ ಬೂದು ಬಣ್ಣಕ್ಕೇ ನಿಲ್ಲುತ್ತದೆ. ಪಕ್ಕದ ಮನೆಯವರ ಆಫ್‌ಸೆಟ್ ಸ್ಮೋಕರ್‌ನಲ್ಲಿ (ಪಕ್ಕದ ಗೂಡಿನಲ್ಲಿ ಕಟ್ಟಿಗೆ ಉರಿಸುವಂಥದ್ದು) ಮಾಡಿದ್ದು, ಬಾರ್ಬೆಕ್ಯೂಗೆ ಹೆಸರಾದ ಲಾಕ್‌ಹಾರ್ಟ್ ಊರಿನಲ್ಲಿ ತಿಂದದ್ದು, ಇದರ ಮುಂದೆ ಬೇರೆಯೇ ಅನಿಸುತ್ತದೆ. ಮೆಸ್ಕೀಟ್ ಮರದ ಪೆಲೆಟ್ ತಂದು ನೋಡಿದೆವು, ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಗ್ರಿಲ್‌ನಲ್ಲೇ ದೋಷವಾ? ಬೇರೆ ತರಬೇಕಾ?

ಉತ್ತರ: ಗ್ರಿಲ್‌ನಲ್ಲಿ ದೋಷ ಇಲ್ಲ. ಬೇರೆ ತರುವುದೂ ಬೇಡ. 400 ಡಿಗ್ರಿಗೆ ಇಟ್ಟು ನೀವು ಹೊಗೆಯನ್ನೂ ಕೆಂಪನ್ನೂ ಒಟ್ಟಿಗೆ ಕೇಳುತ್ತಿದ್ದೀರಿ. ಆ ಕಾವಿನಲ್ಲಿ ಈ ಗ್ರಿಲ್ ಎರಡನ್ನೂ ಸರಿಯಾಗಿ ಕೊಡುವುದಿಲ್ಲ. ಹೊಗೆಗೆ 400 ತೀರಾ ಜಾಸ್ತಿ, ಕೆಂಪಗಾಗುವುದಕ್ಕೆ ಸಾಲದು. ಕೆಲಸವನ್ನು ಎರಡು ಪಾಲು ಮಾಡಿ. ಮೊದಲು ಸಣ್ಣ ಉರಿಯಲ್ಲಿ ಹೊಗೆ, ಆಮೇಲೆ ಬೇರೆ ಕಡೆ ಜೋರು ಕಾವು. ನಾನು ಹನ್ನೆರಡು ವರ್ಷದಿಂದ ಈ ಗ್ರಿಲ್‌ಗಳಲ್ಲಿ ಅಡುಗೆ ಮಾಡುತ್ತಿದ್ದೇನೆ. ನಿಮ್ಮ ಹಾಗೆ ಕೇಳಿದವರಿಗೆಲ್ಲ ಮೊದಲು ಹೇಳುವುದು ಇದನ್ನೇ. (ಇಲ್ಲಿ ಬರೆದ ಡಿಗ್ರಿ ಎಲ್ಲ ನಿಮ್ಮ ಗ್ರಿಲ್‌ನಲ್ಲಿ ಕಾಣುವ ಫ್ಯಾರನ್‌ಹೀಟ್ ಲೆಕ್ಕ.)

ಯಾಕೆ ಹೀಗೆ ಅಂತ ಗೊತ್ತಾದರೆ ಮುಂದಿನದು ಸುಲಭ. ಊರಿನ ಸೌದೆ ಒಲೆ ನೋಡಿದ್ದೀರಲ್ವಾ? ಸೌದೆ ಸರಿಯಾಗಿ ಹತ್ತದಿದ್ದರೆ ಅಡುಗೆಮನೆ ತುಂಬ ಹೊಗೆ. ಅಜ್ಜಿ ಊದುಗೊಳವೆ ಹಿಡಿದು ನಾಲ್ಕು ಸಲ ಊದಿದರೆ ಭಗ್ಗೆಂದು ಉರಿ ಬರುತ್ತಿತ್ತು, ಹೊಗೆ ಹೋಗಿಬಿಡುತ್ತಿತ್ತು. ಗಾಳಿ ಸಿಕ್ಕಿದರೆ ಕಟ್ಟಿಗೆ ಪೂರ್ತಿ ಉರಿಯುತ್ತದೆ, ಹೊಗೆ ಉಳಿಯುವುದಿಲ್ಲ. ಗಾಳಿ ಕಡಿಮೆಯಾದರೆ ಹೊಗೆಯಾಡುತ್ತದೆ. ನಿಮ್ಮ ಗ್ರಿಲ್‌ನಲ್ಲಿ ಒಂದು ಫ್ಯಾನ್ ಇದೆ. ಅದು ಬಿಡದೆ ಊದುವ ಊದುಗೊಳವೆ.

ಒಳಗಿನ ಕೆಲಸ ಇಷ್ಟು. ಪಕ್ಕದ ಡಬ್ಬಿಯಲ್ಲಿ ಪೆಲೆಟ್ ಇರುತ್ತದೆ. ಆಗರ್ ಅನ್ನುವ ತಿರುಪಿನ ಸರಳು ಅದನ್ನು ಸ್ವಲ್ಪ ಸ್ವಲ್ಪವಾಗಿ ತಂದು, ಲೋಟದಷ್ಟು ಚಿಕ್ಕದಾದ ಬೆಂಕಿ ಬಟ್ಟಲಿಗೆ ಹಾಕುತ್ತದೆ. ಕಾದ ಕಡ್ಡಿಯೊಂದು ಅದಕ್ಕೆ ಬೆಂಕಿ ಹಚ್ಚುತ್ತದೆ, ಫ್ಯಾನ್ ಊದುತ್ತದೆ. ಬೆಂಕಿಯ ಮೇಲೆ ಒಂದು ತಗಡು, ಅದರ ಮೇಲೆ ಜಿಡ್ಡು ಹರಿದು ಹೋಗುವ ಇನ್ನೊಂದು ತಗಡು. ಹಾಗಾಗಿ ಮಾಂಸಕ್ಕೆ ಉರಿ ತಾಗುವುದಿಲ್ಲ, ಬಿಸಿಗಾಳಿ ಮಾತ್ರ ಸುತ್ತುತ್ತದೆ. ಅಂದರೆ ಇದು ಕಟ್ಟಿಗೆಯಿಂದ ನಡೆಯುವ ಓವನ್. ಚೆನ್ನಾಗಿ ಬೇಯುತ್ತದೆ ಅಂದಿರಲ್ಲ, ಅದು ಈ ಕಾರಣಕ್ಕೇ.

ಇದರ ಹುಟ್ಟು ಕೇಳಿದರೆ ಇನ್ನೂ ಸ್ಪಷ್ಟವಾಗುತ್ತದೆ. 1970ರ ದಶಕದಲ್ಲಿ ಎಣ್ಣೆಗೆ ತತ್ವಾರ ಬಂದಾಗ ಅಮೆರಿಕದಲ್ಲಿ ಮರದ ಹೊಟ್ಟನ್ನು ಒತ್ತಿ ಪೆಲೆಟ್ ಮಾಡಿ ಮನೆ ಬೆಚ್ಚಗಿಡುವ ಒಲೆಗಳಿಗೆ ಹಾಕತೊಡಗಿದರು. ಒರೆಗಾನ್‌ನ ಮೌಂಟ್ ಏಂಜೆಲ್ ಎಂಬ ಊರಿನ ಜೋ ಟ್ರೇಗರ್ ಅಂಥದೇ ವ್ಯಾಪಾರದಲ್ಲಿದ್ದವರು. ಆ ಒಲೆಯ ತಂತ್ರವನ್ನೇ ಅಡುಗೆಗೆ ತಂದು 1980ರ ದಶಕದಲ್ಲಿ ಪೇಟೆಂಟ್ ಪಡೆದರು. 2006ರಲ್ಲಿ ಆ ಪೇಟೆಂಟ್ ಮುಗಿದ ಮೇಲೆ ಬೇರೆ ಕಂಪನಿಗಳೂ ಬಂದವು. ಮನೆಯೊಳಗಿನ ಒಲೆಯಲ್ಲಿ ಹೊಗೆ ಬರಬಾರದು, ಅಲ್ವಾ? ಪೆಲೆಟ್ ಇರುವುದೇ ಸ್ವಚ್ಛವಾಗಿ ಉರಿಯಲಿ ಅಂತ. ಅದರ ಹತ್ತಿರ ಹೊಗೆ ಕೇಳಬೇಕಾದರೆ ನಾವು ಸ್ವಲ್ಪ ಉಪಾಯ ಮಾಡಬೇಕು.

ಹಾಗಂತ ಮುಚ್ಚಳದಿಂದ ದಟ್ಟ ಬಿಳಿ ಹೊಗೆ ಬರಲಿ ಅಂತ ಆಸೆ ಪಡಬೇಡಿ. ಅದು ಹಸಿ ಸೌದೆಯ ಹೊಗೆಯ ಹಾಗೆ ಘಾಟು. ಮಾಂಸಕ್ಕೆ ಹತ್ತಿದರೆ ನಾಲಗೆಯ ಹಿಂದೆ ಕಹಿ ಉಳಿಯುತ್ತದೆ. ನಿಮಗೆ ಬೇಕಾದದ್ದು ಕಂಡೂ ಕಾಣದ ಹಾಗಿರುವ ತೆಳು ನೀಲಿ ಹೊಗೆ. ಗ್ರಿಲ್ ಹಚ್ಚಿದ ಮೊದಲ ಐದು ಹತ್ತು ನಿಮಿಷ ಬಿಳಿ ಹೊಗೆ ಬಂದೇ ಬರುತ್ತದೆ. ಅದು ತಿಳಿಯಾಗುವ ತನಕ ಮಾಂಸ ಒಳಗಿಡಬೇಡಿ.

ಈಗ ಹೊಗೆಯ ವಿಷಯ. ಮೊದಲ ಕೆಲಸ, ಕಾವು ಇಳಿಸುವುದು. 180ರಿಂದ 225 ಡಿಗ್ರಿ ಒಳಗೆ ಬೆಂಕಿ ಸಣ್ಣದಾಗಿರುತ್ತದೆ, ಪೆಲೆಟ್ ಅರ್ಧ ಉರಿದು ಅರ್ಧ ಹೊಗೆಯಾಡುತ್ತದೆ. 300 ದಾಟಿದರೆ ಹೊಗೆ ಹೆಸರಿಗೆ ಮಾತ್ರ. ನಿಮ್ಮ ಗ್ರಿಲ್‌ನಲ್ಲಿ ‘ಸ್ಮೋಕ್’ ಅಥವಾ ‘ಸೂಪರ್ ಸ್ಮೋಕ್’ ಅನ್ನುವ ಗುಂಡಿ ಇದ್ದರೆ ಅದೂ ಈ ಕಡಿಮೆ ಕಾವಿನಲ್ಲೇ ಕೆಲಸ ಮಾಡುತ್ತದೆ. ಕಾವು ನೋಡಿಕೊಳ್ಳುವ ಹಳೇ ಮಾದರಿಯ ಕಂಟ್ರೋಲರ್‌ನಲ್ಲಿ ಪೆಲೆಟ್ ಹಾಕಿ, ನಿಲ್ಲಿಸಿ, ಮತ್ತೆ ಹಾಕುವ ಲೆಕ್ಕ. ನಿಲ್ಲಿಸಿದಾಗ ಬೆಂಕಿ ಕುಗ್ಗಿ ಹೊಗೆಯಾಡುತ್ತದೆ. ಕಾವು ಇಪ್ಪತ್ತು ಡಿಗ್ರಿ ಆಚೀಚೆ ಆಗುತ್ತದೆ, ಹೊಗೆ ಜಾಸ್ತಿ. ಪಿಐಡಿ ಅನ್ನುವ ಹೊಸ ಬಗೆಯ ಕಂಟ್ರೋಲರ್ ಕಾವನ್ನು ಒಂದೇ ಸಮ ಹಿಡಿಯುತ್ತದೆ, ಹೊಗೆ ಕಡಿಮೆ. ಹಳೇ ಗ್ರಿಲ್ ಇಟ್ಟುಕೊಂಡವರು ರುಚಿಯ ವಿಷಯದಲ್ಲಿ ಸಂತೋಷವಾಗಿರುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು, ಮಾಂಸ ಫ್ರಿಜ್‌ನಿಂದ ಸೀದಾ ಗ್ರಿಲ್‌ಗೆ ಹೋಗಲಿ. ಹೊರಗಿಟ್ಟು ತಣ್ಣನೆ ಬಿಡಿಸಬೇಕು ಅಂತ ಹೇಳುವವರು ಇದ್ದಾರೆ. ಹೊಗೆಗೆ ಅದು ಬೇಡ. ಬೆಳಿಗ್ಗೆ ತಣ್ಣೀರಿನ ಚೊಂಬಿನ ಹೊರಗೆ ಹನಿ ಕೂರುವುದಿಲ್ಲವೇ, ಹಾಗೇ ತಣ್ಣಗಿನ ಮಾಂಸದ ಮೇಲೆ ಹೊಗೆ ಬೇಗ ಕೂರುತ್ತದೆ. ಮಾಂಸ ಬಿಸಿಯಾಗಿ ಮೇಲ್ಮೈ ಒಣಗಿದ ಮೇಲೆ ಅಷ್ಟು ಹಿಡಿಯುವುದಿಲ್ಲ. ಆದ್ದರಿಂದ ಮೊದಲ ಮುಕ್ಕಾಲು ಗಂಟೆಯೇ ಮುಖ್ಯ. ಆ ಹೊತ್ತಿನಲ್ಲಿ ಮುಚ್ಚಳ ತೆಗೆದು ತೆಗೆದು ನೋಡಬೇಡಿ. ತೆಗೆದಾಗ ಕಾವು ಇಳಿಯುತ್ತದೆ. ಅದನ್ನು ಏರಿಸಲು ಯಂತ್ರ ಜಾಸ್ತಿ ಪೆಲೆಟ್ ಹಾಕಿ ಜೋರಾಗಿ ಊದುತ್ತದೆ. ಕೂಡಿಟ್ಟ ಹೊಗೆ ಹೋಯಿತು, ಹೊಸದೂ ಬರಲಿಲ್ಲ.

ಮಾಂಸ ಕೊಯ್ದಾಗ ಅಂಚಿನಲ್ಲಿ ಕಾಣುವ ಗುಲಾಬಿ ಉಂಗುರ ನೋಡಿ ಹೊಗೆ ಚೆನ್ನಾಗಿ ಹಿಡಿದಿದೆ ಅಂತ ಅಂದುಕೊಳ್ಳುತ್ತಾರೆ. ಅದು ಬರೀ ಬಣ್ಣ. ಬೆಂಕಿಯ ಗಾಳಿಯಲ್ಲಿರುವ ನೈಟ್ರಿಕ್ ಆಕ್ಸೈಡ್ ಮಾಂಸದ ಕೆಂಪಿನ ಜೊತೆ ಸೇರಿ ಆಗುವಂಥದ್ದು. ರುಚಿಗೂ ಅದಕ್ಕೂ ಸಂಬಂಧ ಇಲ್ಲ. ಉಂಗುರ ಬರಲಿಲ್ಲ ಅಂತ ಬೇಜಾರಾಗಬೇಡಿ.

ಇನ್ನು ಪೆಲೆಟ್. ಮೆಸ್ಕೀಟ್ ತಂದರೂ ಬದಲಾಗಲಿಲ್ಲ ಅಂದಿರಿ. ಚೀಲದ ಮೇಲೆ ದೊಡ್ಡದಾಗಿ ಮೆಸ್ಕೀಟ್ ಅಂತ ಇದ್ದರೂ ಒಳಗೆ ಬಹುಪಾಲು ಓಕ್ ಅಥವಾ ಆಲ್ಡರ್ ಇದ್ದು, ಹೆಸರಿನ ಮರ ಸ್ವಲ್ಪವೇ ಇರುವುದುಂಟು. ಚೀಲದ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಓದಿ. ಪೂರ್ತಿ ಒಂದೇ ಮರದ್ದು ಅಂತ ಬರೆದದ್ದನ್ನು ತನ್ನಿ. ಲ್ಯಾಂಬ್‌ಗೆ ನನಗೆ ಓಕ್ ಅಥವಾ ಹಿಕರಿ ಇಷ್ಟ, ಕೋಳಿಗೆ ಚೆರಿ. ಮರ ಯಾವುದು ಅನ್ನುವುದಕ್ಕಿಂತ ಒಣಗಿದೆಯಾ ಅನ್ನುವುದು ಮುಖ್ಯ. ಒಂದು ಪೆಲೆಟ್ ತೆಗೆದು ಎರಡು ಬೆರಳಲ್ಲಿ ಮುರಿಯಿರಿ. ಚಟ್ ಅಂತ ಮುರಿದು, ಹೊರಮೈ ಹೊಳೆಯುತ್ತಿದ್ದರೆ ಸರಿ. ಮೆತ್ತಗೆ ಪುಡಿಯಾದರೆ ತೇವ ಕುಡಿದಿದೆ. ಮಳೆಗಾಲದಲ್ಲಿ ಡಬ್ಬಿಯಲ್ಲೇ ಬಿಟ್ಟರೆ ಊದಿಕೊಂಡು ತಿರುಪಿನ ಸರಳಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಬಿಗಿ ಮುಚ್ಚಳದ ಬಕೆಟ್‌ನಲ್ಲಿ ಇಡಿ. ಮನೆ ಬೆಚ್ಚಗಿಡಲು ಮಾರುವ ಅಗ್ಗದ ಪೆಲೆಟ್ ಮಾತ್ರ ಅಡುಗೆಗೆ ಬೇಡವೇ ಬೇಡ. ಅದರಲ್ಲಿ ಯಾವ ಮರ, ಏನು ಸೇರಿದೆ ಅನ್ನುವ ಭರವಸೆ ಇಲ್ಲ.

ಇಷ್ಟು ಮಾಡಿಯೂ ಸಾಲದು ಅನಿಸಿದರೆ ಒಂದು ಸ್ಮೋಕ್ ಟ್ಯೂಬ್ ತನ್ನಿ. ತೂತು ತೂತಿನ ಸ್ಟೀಲ್ ಕೊಳವೆ, 12 ಇಂಚು ಉದ್ದ, ಬೆಲೆ ಜಾಸ್ತಿ ಇಲ್ಲ. ನನ್ನ ಲೆಕ್ಕದಲ್ಲಿ ಪೆಲೆಟ್ ಗ್ರಿಲ್‌ಗೆ ಹಾಕುವ ದುಡ್ಡಿನಲ್ಲಿ ಇದಕ್ಕಿಂತ ಸಾರ್ಥಕವಾದದ್ದು ಇಲ್ಲ. ಕೊಳವೆಗೆ ಪೆಲೆಟ್ ತುಂಬಿ, ಒಂದು ತುದಿಗೆ ಗ್ಯಾಸ್ ಟಾರ್ಚ್‌ನಿಂದ ಒಂದು ನಿಮಿಷ ಬೆಂಕಿ ಹಿಡಿಯಿರಿ. ಉರಿ ಬಂದ ಮೇಲೆ ಅವಸರ ಮಾಡಬೇಡಿ, ಐದರಿಂದ ಹತ್ತು ನಿಮಿಷ ಹಾಗೇ ಉರಿಯಲಿ. ತುದಿಯ ಪೆಲೆಟ್ ಕೆಂಡವಾಗಿ ಅಂಚು ಬೂದಿಗಟ್ಟಿದಾಗ ಉಫ್ ಅಂತ ಊದಿ ಉರಿ ಆರಿಸಿ. ಈಗ ಅದು ಊದುಬತ್ತಿಯ ಹಾಗೆ ತನ್ನ ಪಾಡಿಗೆ ಹೊಗೆಯಾಡುತ್ತದೆ. ಗ್ರಿಲ್‌ನ ಜಾಲರಿ ಮೇಲೆ ಮಾಂಸದಿಂದ ದೂರ ಒಂದು ಮೂಲೆಯಲ್ಲಿ ಅಡ್ಡ ಮಲಗಿಸಿ. ಅಷ್ಟುದ್ದದ್ದು ಮೂರು ನಾಲ್ಕು ಗಂಟೆ ಬರುತ್ತದೆ. ಚಾಪ್ಸ್‌ಗೆ ಅಷ್ಟು ಬೇಡ, ಕಾಲು ಭಾಗ ತುಂಬಿದರೆ ಸಾಕು. ಇದಕ್ಕೂ ಗ್ರಿಲ್‌ನ ಬೆಂಕಿಗೂ ಸಂಬಂಧ ಇಲ್ಲ, ಆ ಫ್ಯಾನ್ ನೇರವಾಗಿ ಇದನ್ನು ಊದುವುದಿಲ್ಲ. ಅದಕ್ಕೇ ಇದರಲ್ಲಿ ಹೊಗೆ ಬರುತ್ತದೆ.

ಕೆಂಪಗಾಗುವ ವಿಷಯಕ್ಕೆ ಬರೋಣ. ಇಲ್ಲಿ ನಿಮಗೆ ದೋಸೆಯ ಅನುಭವವೇ ಸಾಕು. ಕಾವಲಿ ಕಾಯದೆ ಹಿಟ್ಟು ಹೊಯ್ದರೆ ಏನಾಗುತ್ತದೆ? ಬಿಳಿಚಿಕೊಂಡು ಅಂಟುತ್ತದೆ. ಚಾಪ್ಸ್‌ಗೆ ಆಗುತ್ತಿರುವುದೂ ಅದೇ. ಮಾಂಸ ಕೆಂಪಗಾಗಿ ಘಮ ಬರಬೇಕಾದರೆ ಅದರ ಮೇಲ್ಮೈ 300 ಡಿಗ್ರಿ ಆಸುಪಾಸಿಗೆ ಏರಬೇಕು. ಮೇಲೆ ನೀರಿನ ಪಸೆ ಇರುವ ತನಕ ಅದು 212 ದಾಟುವುದಿಲ್ಲ, ನೀರು ಆವಿಯಾಗುವುದರಲ್ಲೇ ಕಾವು ಖರ್ಚಾಗುತ್ತದೆ. 400 ಡಿಗ್ರಿಯ ಗಾಳಿ ಆ ನೀರು ಆರಿಸಿ ಬಣ್ಣ ತರುವಷ್ಟರಲ್ಲಿ ಒಳಗೆಲ್ಲ ಬೆಂದು ಒಣಗಿರುತ್ತದೆ. ಗಾಳಿ ಕಾವನ್ನು ನಿಧಾನ ಕೊಡುತ್ತದೆ. 400 ಡಿಗ್ರಿ ಓವನ್ ಒಳಗೆ ಕೈ ಒಂದು ಕ್ಷಣ ಇಡಬಹುದು, 400 ಡಿಗ್ರಿ ಕಾವಲಿಗೆ ಬೆರಳು ತಾಗಿಸಲು ಆಗುತ್ತದಾ? ಗ್ರಿಲ್‌ನ ಪರದೆಯಲ್ಲಿ ಕಾಣುವುದು ಗಾಳಿಯ ಕಾವು. ನಿಮಗೆ ಬೇಕಾದದ್ದು ಕಬ್ಬಿಣದ ಕಾವು.

ಹಾಗಾಗಿ ಒಂದು ದಪ್ಪ ಎರಕದ ಕಬ್ಬಿಣದ ಕಾವಲಿ ಬೇಕು. ದೋಸೆ ಕಾವಲಿ ಬೇರೆ, ಇದು ಬೇರೆ ಇರಲಿ. ಇಷ್ಟು ಕಾವಿಗೂ ಮಸಾಲೆಯ ಹುಳಿಗೂ ದೋಸೆ ಕಾವಲಿಯ ಎಣ್ಣೆ ಹದ ಹಾಳಾಗುತ್ತದೆ, ಮಾಂಸದ ವಾಸನೆಯೂ ಉಳಿಯುತ್ತದೆ. ನಾನ್‌ಸ್ಟಿಕ್ ಬಾಣಲೆ ಇಲ್ಲಿ ತರಲೇಬೇಡಿ. 500 ಡಿಗ್ರಿ ದಾಟಿದರೆ ಅದರ ಲೇಪ ಕೆಡತೊಡಗುತ್ತದೆ, ಅದರ ಹೊಗೆ ಒಳ್ಳೆಯದಲ್ಲ. ಗ್ರಿಲ್ ಒಳಗೇ ಕಾವಲಿ ಕಾಯಿಸುವುದಾದರೆ ಅತಿ ಹೆಚ್ಚಿನ ಕಾವಿಗೆ ಇಟ್ಟು ಮುಚ್ಚಳ ಹಾಕಿ ಅರ್ಧ ಗಂಟೆ ಬಿಡಬೇಕು. ಹೊರಗೆ ಗ್ಯಾಸ್ ಬರ್ನರ್ ಇದ್ದರೆ ಹತ್ತು ನಿಮಿಷದ ಕೆಲಸ. ಕೆಲವು ಗ್ರಿಲ್‌ಗಳಲ್ಲಿ ಬೆಂಕಿಯ ಮೇಲಿನ ತಗಡನ್ನು ಪಕ್ಕಕ್ಕೆ ಸರಿಸುವ ವ್ಯವಸ್ಥೆ ಇರುತ್ತದೆ, ಅದು ನಿಮ್ಮದರಲ್ಲಿ ಇದ್ದರೆ ಇನ್ನೂ ಒಳ್ಳೆಯದು.

ಆದರೆ ಚಾಪ್ಸ್‌ಗೆ ನನ್ನ ಮನಸ್ಸಿಗೆ ಒಪ್ಪಿದ್ದು ಇದ್ಯಾವುದೂ ಅಲ್ಲ, ಇದ್ದಿಲು. ಇದ್ದಿಲು ಹೊತ್ತಿಸಲು ಚಿಮಣಿ ಅಂತ ಒಂದು ತಗಡಿನ ಡಬ್ಬಿ ಸಿಗುತ್ತದೆ. ಅದರಲ್ಲಿ ಅರ್ಧದಷ್ಟು ಇದ್ದಿಲು ಹಾಕಿ ಕೆಂಡ ಮಾಡಿ, ಮೇಲೆ ಒಂದು ಸಣ್ಣ ಜಾಲರಿ ಇಟ್ಟರೆ ಆಯಿತು. ಕಲ್ಲು ಅಥವಾ ಇಟ್ಟಿಗೆಯ ಮೇಲೆ ಇಡಿ, ಮರದ ಡೆಕ್ ಮೇಲೆ ಬೇಡ. ಇದರಲ್ಲಿ ಇನ್ನೊಂದು ಲಾಭ ಇದೆ. ನಾವು ಊರಲ್ಲಿ ಕೆಂಡದ ಮೇಲೆ ಸುಟ್ಟದ್ದು ಅಂತ ನೆನೆಯುವ ರುಚಿ ಬರೀ ಕಟ್ಟಿಗೆ ಹೊಗೆಯದಲ್ಲ. ಕೊಬ್ಬು ಕರಗಿ ಕೆಂಡದ ಮೇಲೆ ಚುರ್ ಅಂತ ಬಿದ್ದು, ಅದರ ಆವಿ ಮೇಲೆದ್ದು ಮಾಂಸಕ್ಕೇ ಹತ್ತುವ ರುಚಿ. ಪೆಲೆಟ್ ಗ್ರಿಲ್‌ನಲ್ಲಿ ಆ ಕೊಬ್ಬು ತಗಡಿನ ಮೇಲೆ ಹರಿದು ಬಕೆಟ್‌ಗೆ ಹೋಗಿಬಿಡುತ್ತದೆ. ನಿಮಗೆ ಏನೋ ಕಡಿಮೆ ಅನಿಸುತ್ತಿರುವುದರಲ್ಲಿ ಅರ್ಧ ಪಾಲು ಇದೇ ಅಂತ ನನ್ನ ಅನಿಸಿಕೆ.

ಈಗ ಚಾಪ್ಸ್ ಒಂದು ಸಲ ಮೊದಲಿಂದ ಕೊನೆವರೆಗೆ ಮಾಡಿ ನೋಡೋಣ. ಹಿಂದಿನ ರಾತ್ರಿ ಉಪ್ಪು ಹಚ್ಚಿ, ತಂತಿ ಜಾಲರಿ ಮೇಲೆ, ಮುಚ್ಚದೆ ಫ್ರಿಜ್‌ನಲ್ಲಿಡಿ. ಉಪ್ಪು ಒಳಗಿಳಿಯುತ್ತದೆ, ಮೇಲ್ಮೈ ಒಣಗುತ್ತದೆ. ಗ್ರಿಲ್ 180ಕ್ಕೆ ಇಟ್ಟು, ಬಿಳಿ ಹೊಗೆ ಹೋದ ಮೇಲೆ ಟ್ಯೂಬ್ ಹಚ್ಚಿ, ಫ್ರಿಜ್‌ನಿಂದ ಸೀದಾ ಚಾಪ್ಸ್ ಇಡಿ. ಮಾಂಸದ ನಡುವಿಗೆ ಥರ್ಮಾಮೀಟರ್ ಚುಚ್ಚಿರಲಿ, ಮೂಳೆಗೆ ತಾಗದ ಹಾಗೆ. 115 ಡಿಗ್ರಿ ಬಂದಾಗ ಹೊರಗೆ ತೆಗೆಯಿರಿ. ದಪ್ಪ ಚಾಪ್ಸ್‌ಗೆ ಮುಕ್ಕಾಲು ಗಂಟೆ ಆಚೀಚೆ ಆಗುತ್ತದೆ. ಗಡಿಯಾರ ನಂಬಬೇಡಿ, ಥರ್ಮಾಮೀಟರ್ ನಂಬಿ. ಈಗ ನೋಡಿದರೆ ಮಾಸಲು ಕಂದು, ನೋಡಲು ಏನೂ ಚೆನ್ನಾಗಿಲ್ಲ. ಇರಲಿ. ಹತ್ತು ನಿಮಿಷ ತಟ್ಟೆಯಲ್ಲಿ ಕೂರಲಿ, ಅಷ್ಟರಲ್ಲಿ ಕೆಂಡ ಅಥವಾ ಕಾವಲಿ ತಯಾರಾಗಲಿ.

ಕಾವಲಿ ಆದರೆ ನೀರು ಚಿಮುಕಿಸಿ ನೋಡಿ. ಹನಿ ಚುಂಯ್ ಅಂದು ಆರಿದರೆ ಇನ್ನೂ ಸಾಲದು. ಮುತ್ತಿನ ಹಾಗೆ ದುಂಡಗಾಗಿ ಓಡಾಡಿದರೆ ಕಾದಿದೆ ಅಂತ. ಇನ್ನೂ ಎರಡು ಮೂರು ನಿಮಿಷ ಕಾಯಿಸಿ. ಚಾಪ್ಸ್ ಎರಡೂ ಕಡೆ ಕಾಗದದ ಟವೆಲ್‌ನಿಂದ ಒತ್ತಿ ಪಸೆ ತೆಗೆಯಿರಿ. ಈ ಒಂದು ಕೆಲಸ ಮಾಡದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಎಣ್ಣೆ ಕಾವಲಿಗೆ ಬೇಡ, ಮಾಂಸಕ್ಕೆ ತೆಳ್ಳಗೆ ಸವರಿ. ತುಪ್ಪ ಚೆನ್ನಾಗಿ ಕಾವು ತಡೆಯುತ್ತದೆ, ಬೆಣ್ಣೆ ಸೀದುಹೋಗುತ್ತದೆ. ಇಟ್ಟ ತಕ್ಷಣ ಜೋರು ಸದ್ದು ಬರಬೇಕು. ಇಕ್ಕಳದಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ನಲವತ್ತು ಸೆಕೆಂಡಿಗೊಮ್ಮೆ ತಿರುಗಿಸಿ, ಒಟ್ಟು ಎರಡು ನಿಮಿಷ. ಮೊದಲ ಸಲ ತಿರುಗಿಸಿದಾಗ ಅಲ್ಲಲ್ಲಿ ಬಣ್ಣ ಕಾಣುತ್ತದೆ. ಎರಡನೇ ಸಲ ಆ ಚುಕ್ಕೆಗಳೆಲ್ಲ ಕೂಡಿಕೊಂಡು ಹುರಿದ ಕಾಫಿ ಬೀಜದ ಬಣ್ಣಕ್ಕೆ ಬರುತ್ತದೆ. ಆಮೇಲೆ ಕೊಬ್ಬಿನ ಅಂಚನ್ನು ಕಾವಲಿಗೆ ನಿಲ್ಲಿಸಿ ಹಿಡಿಯಿರಿ, ಅದು ಬಿಳಿ ಉಳಿದರೆ ತಿನ್ನಲು ರಬ್ಬರಿನಂತಿರುತ್ತದೆ. ಒಳಗೆ 145 ಡಿಗ್ರಿ ಬಂದಿದೆಯಾ ನೋಡಿ, ಮೂರು ನಿಮಿಷ ಬಿಟ್ಟು ಬಡಿಸಿ. ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿನ ಲ್ಯಾಂಬ್‌ಗೆ ಹೇಳುವುದು ಇದನ್ನೇ. ಒಳಗೆ ಗುಲಾಬಿ ಬಣ್ಣ ಆಗದವರಿಗೆ 160 ತನಕ ಬಿಡಿ, ಅದಕ್ಕಿಂತ ಮುಂದೆ ಹೋದರೆ ಗಟ್ಟಿ.

ಮಸಾಲೆ ಬೇಕೇ ಬೇಕು ಅನ್ನುವವರಿಗೆ ಒಂದು ಮಾತು. ಮೊಸರು, ಖಾರದ ಪುಡಿ, ಅರಿಶಿನ ಹಚ್ಚಿ ನೆನೆಸಿದ ಮಾಂಸ 500 ಡಿಗ್ರಿಯ ಕಾವಲಿ ಮುಟ್ಟಿದರೆ ಮಾಂಸ ಕೆಂಪಗಾಗುವ ಮೊದಲು ಪುಡಿ ಸೀದು ಕಹಿಯಾಗುತ್ತದೆ. ಹೊಗೆಗೆ ಇಡುವಾಗ ಮಸಾಲೆ ತೆಳ್ಳಗಿರಲಿ, ಕಾವಲಿಗೆ ಹಾಕುವ ಮೊದಲು ಒರೆಸಿ. ಬಡಿಸುವಾಗ ಹಸಿ ಮೆಣಸಿನಕಾಯಿ, ಕೊತ್ತಂಬರಿ ಅರೆದ ಹಸಿರು ಮಸಾಲೆಗೆ ನಿಂಬೆ ಹಿಂಡಿ ಮೇಲೆ ಹಾಕಿಕೊಳ್ಳಿ. ನನಗೆ ಈ ಕ್ರಮವೇ ಹೆಚ್ಚು ರುಚಿ.

ಕೋಳಿ ತೊಡೆಗೆ ಲೆಕ್ಕ ಬೇರೆ. 180ರಲ್ಲೇ ಪೂರ್ತಿ ಬೇಯಿಸಿದರೆ ಚರ್ಮ ಚ್ಯೂಯಿಂಗ್ ಗಮ್ ಆಗುತ್ತದೆ. ಅರ್ಧ ಗಂಟೆ ಹೊಗೆ ಕೊಟ್ಟು, ಆಮೇಲೆ ಗ್ರಿಲ್ ಅನ್ನೇ 400ಕ್ಕೆ ಏರಿಸಿ. ಚರ್ಮ ಗರಿಗರಿಯಾಗಲು ಇಲ್ಲಿ ಬಿಸಿಗಾಳಿಯೇ ಸಾಕು, ಕಾವಲಿ ಬೇಡ. ಕೋಳಿ ಒಳಗೆ 165 ಬಂದಾಗ ಬೆಂದಿರುತ್ತದೆ, ಆದರೆ ತೊಡೆಯನ್ನು 180ರವರೆಗೆ ಬಿಟ್ಟರೆ ಮೂಳೆಯಿಂದ ಮೆತ್ತಗೆ ಬಿಡಿಸಿಕೊಳ್ಳುತ್ತದೆ.

ಮಾಂಸ ತಿನ್ನದ ನೆಂಟರು ಬಂದಾಗ ಗ್ರಿಲ್ ಹಚ್ಚದೆ ಬರೀ ಟ್ಯೂಬ್ ಇಟ್ಟು, ತಣ್ಣಗಿನ ಪನೀರ್ ಅನ್ನು ಅರ್ಧ ಗಂಟೆ ಹೊಗೆಗಿಡಿ. ಹೊರಗೆ ಬಿಸಿಲು ಕಡಿಮೆ ಇರುವ ಹೊತ್ತಲ್ಲಿ ಮಾಡಿ. ಆಮೇಲೆ ಕಾವಲಿಯಲ್ಲಿ ಎರಡೂ ಕಡೆ ಕೆಂಪಗೆ ಮಾಡಿ. ನಮ್ಮನೆಯಲ್ಲಿ ಚಾಪ್ಸ್‌ಗಿಂತ ಇದು ಬೇಗ ಖಾಲಿಯಾಗುತ್ತದೆ. ಗೊಜ್ಜಿಗೆ ಬದನೆಕಾಯಿ ಸುಡುವುದು ಮಾತ್ರ ಪೆಲೆಟ್ ಗ್ರಿಲ್‌ನಲ್ಲಿ ಆಗುವುದಿಲ್ಲ, ಬೇಯುತ್ತದೆ ಅಷ್ಟೇ. ಅದನ್ನು ಚಿಮಣಿಯ ಕೆಂಡಕ್ಕೇ ಕೊಡಿ.

ಬೆಂಕಿ ಬಟ್ಟಲಿನ ಬೂದಿಯನ್ನು ಪೂರ್ತಿ ತಣ್ಣಗಾದ ಮೇಲೆ, ಎರಡು ಚೀಲ ಪೆಲೆಟ್‌ಗೊಮ್ಮೆ ವ್ಯಾಕ್ಯೂಮ್‌ನಿಂದ ತೆಗೆಯಿರಿ. ಬೂದಿ ತುಂಬಿದರೆ ಗಾಳಿಯ ತೂತು ಮುಚ್ಚಿ, ಬರುವ ಹೊಗೆ ಘಾಟಾಗುತ್ತದೆ. ಜಿಡ್ಡಿನ ತಗಡು ಕೆರೆದು ಶುಚಿಯಾಗಿಡಿ. ಕೆಂಪಗೆ ಮಾಡಲು ಕಾವು ಏರಿಸಿದಾಗ ಹಳೇ ಜಿಡ್ಡಿಗೆ ಬೆಂಕಿ ಹತ್ತುತ್ತದೆ. ಹತ್ತಿದರೆ ನೀರು ಹಾಕಬೇಡಿ, ಮುಚ್ಚಳ ಮುಚ್ಚಿಡಿ. ಇನ್ನೊಂದು, ನಡುವೆ ಬೆಂಕಿ ಆರಿ ಹೋದರೆ ಹಾಗೇ ಮತ್ತೆ ಹಚ್ಚಬೇಡಿ. ಒಮ್ಮೆ ರಾತ್ರಿ ನಾನು ಹಾಗೆ ಮಾಡಿದೆ. ಆರಿದ ಮೇಲೂ ಸರಳು ಪೆಲೆಟ್ ತಂದು ಸುರಿಯುತ್ತಲೇ ಇತ್ತು, ಬಟ್ಟಲು ತುಂಬಿ ಹೊರಚೆಲ್ಲಿತ್ತು. ಹಳದಿ ಹೊಗೆ ದಟ್ಟವಾಗಿ ಬಂದು, ಧಡ್ ಅಂತ ಮುಚ್ಚಳ ಎಗರಿ ಬಿತ್ತು. ಪಕ್ಕದಲ್ಲಿ ಮಗಳು ನಿಂತಿದ್ದಳು. ಏನೂ ಆಗಲಿಲ್ಲ, ಆದರೆ ಆ ಸದ್ದು ಇನ್ನೂ ಕಿವಿಯಲ್ಲಿದೆ. ಆರಿದರೆ ತಣ್ಣಗಾಗಲು ಬಿಟ್ಟು, ಬಟ್ಟಲು ಖಾಲಿ ಮಾಡಿ, ಆಮೇಲೆ ಹಚ್ಚಿ. ಮಳೆ ಬಂತು ಅಂತ ಗ್ಯಾರೇಜ್ ಒಳಗೆ ಹಚ್ಚುವುದೂ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ.

ಲಾಕ್‌ಹಾರ್ಟ್ ರುಚಿ ಬರುತ್ತದಾ ಅಂದರೆ, ಪೂರ್ತಿ ಬರುವುದಿಲ್ಲ, ನಿಮಗೆ ನಿಜ ಹೇಳಬೇಕು. ಅಲ್ಲಿ ಪೋಸ್ಟ್ ಓಕ್ ಮರದ ಸೀಳುಗಳನ್ನೇ ದೊಡ್ಡ ಒಲೆಗಳಲ್ಲಿ ಹಾಕುತ್ತಾರೆ. ನಿಮ್ಮ ಗ್ರಿಲ್ 225 ಡಿಗ್ರಿಯಲ್ಲಿ ಗಂಟೆಗೆ ಒಂದು ಪೌಂಡ್ ಆಸುಪಾಸು ಪೆಲೆಟ್ ಉರಿಸುತ್ತದೆ. ಪಕ್ಕದ ಮನೆಯವರು ಅದೇ ಹೊತ್ತಿನಲ್ಲಿ ಅದರ ಹಲವು ಪಟ್ಟು ಕಟ್ಟಿಗೆ ಹಾಕಿ, ಪಕ್ಕದಲ್ಲೇ ಕೂತು ಬೆಂಕಿ ನೋಡಿಕೊಳ್ಳುತ್ತಾರೆ. ಟ್ಯೂಬ್, ತಣ್ಣಗಿನ ಮಾಂಸ, ಕಡಿಮೆ ಕಾವು, ಕೊನೆಗೆ ಕೆಂಡ ಇಷ್ಟು ಸೇರಿದರೆ ಈಗಿನದಕ್ಕಿಂತ ಬಹಳ ಹತ್ತಿರ ಹೋಗುತ್ತೀರಿ.

ಮುಂದಿನ ಸಲ ಅಂಗಡಿಗೆ ಹೋದಾಗ ಪ್ಯಾಕೆಟ್‌ನ ಅರ್ಧ ಇಂಚಿನ ತೆಳು ಚಾಪ್ಸ್ ತೆಗೆದುಕೊಳ್ಳಬೇಡಿ. ಅವು ಹೊಗೆ ಹಿಡಿಯುವ ಮೊದಲೇ ಬೆಂದುಹೋಗುತ್ತವೆ, ಕೆಂಪಗೆ ಮಾಡಲು ಸಮಯವೇ ಉಳಿಯುವುದಿಲ್ಲ. ಮಾಂಸ ಕೊಯ್ಯುವವರ ಹತ್ತಿರ ಹೋಗಿ ಲಾಯಿನ್ ಚಾಪ್ಸ್ ಒಂದೂವರೆ ಇಂಚು ದಪ್ಪ ಬೇಕು ಅಂತ ಕೇಳಿ, ಕೊಯ್ದು ಕೊಡುತ್ತಾರೆ.